ಅರ್ಧ ಜಾವಾ, ಅರ್ಧ ಯೆಜ್ಡಿ

ಜನವರಿ 19, ಭಾನುವಾರ

ಈ ಡೈರಿ ತನುಜ ಕೊಟ್ಟಿದ್ದು. ನನ್ನ ಮಗಳು, ಚಿಕ್ಕಬಳ್ಳಾಪುರದ ಆಸ್ಪತ್ರೇಲಿ ನರ್ಸು. ಅಲ್ಲಿ ರೋಗಿಗಳ ಮೇಲೆ ಮಾಡೋ ದರ್ಬಾರು ಸಾಲದು ಅಂತ ಇಲ್ಲಿಗೆ ಬಂದು ನನ್ನ ಮೇಲೂ ಮಾಡ್ತಾಳೆ. ಬಿ.ಪಿ. ನೋಡಿ ಮುಖ ಸಣ್ಣಗೆ ಮಾಡಿದಳು. ಇನ್ಮೇಲೆ ಯಾರ ಮೇಲಾದ್ರೂ ಕೂಗಬೇಕು ಅನ್ನಿಸಿದ್ರೆ ಕೂಗಬೇಡ, ಇದರಲ್ಲಿ ಬರಿ ಅಂದಳು. ನಾನು ಓದಿದ್ದು ಐದನೇ ಕ್ಲಾಸು, ಅದೂ ಪೂರ್ತಿ ಇಲ್ಲ. ರೇಷ್ಮೆ ಬಿಚ್ಚೋ ಚರಕದ ಮುಂದೆ ಕೂರಿಸಿದ್ರು, ಮುಗೀತು. ಅಕ್ಷರ ಕೋಳಿ ಕೆದಕಿದ ಹಾಗೆ ಬರ್ತಾ ಇದೆ. ಬರಲಿ, ಓದೋಳು ನಾನೊಬ್ಬಳೇ ತಾನೆ.

ಇವತ್ತು ಕೂಗಬೇಕು ಅನ್ನಿಸಿದ್ದು ಮೈದುನ ವೆಂಕಟರಾಮಪ್ಪನ ಮೇಲೆ. ಕೂಗಿ ಆದ ಮೇಲೇ ಬರೀತಾ ಇದೀನಿ.

ಚಿಂತಾಮಣಿಯಿಂದ ಬಂದಿದ್ದ. ನಮ್ಮ ಯಜಮಾನರ ವರ್ಷದ ತಿಥಿ ಮಾರ್ಚಿ ಇಪ್ಪತ್ತಕ್ಕೆ ಬೀಳುತ್ತೆ, ನಮ್ಮ ಮನೇಲೇ ಮಾಡೋಣ ಅತ್ತಿಗೆ, ನೆಂಟರಿಗೆಲ್ಲಾ ಹತ್ತಿರ ಅಂದ. ಸರಿ ಅಂದೆ. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಅಸಲು ಮಾತು ತೆಗೆದ. ಶಿಡ್ಲಘಟ್ಟದ ಈ ಗ್ಯಾರೇಜಿನ ಜಾಗ ಮಾವನವರ ಕಾಲದ್ದು, ಅಣ್ಣತಮ್ಮ ಇಬ್ಬರಿಗೂ ಸೇರಿದ್ದು. ಹತ್ತು ತಿಂಗಳಿಂದ ಬಾಗಿಲು ಹಾಕಿದೆ. ಯಾರೋ ಮೊಬೈಲ್ ಅಂಗಡಿಯೋರು ಕೇಳ್ತಾ ಇದಾರಂತೆ. ತಿಥಿ ಮುಗಿಸಿ ಕೊಟ್ಟುಬಿಡೋಣ, ನೀವೊಬ್ರೇ ಇಲ್ಲೇನು ಮಾಡ್ತೀರಿ, ತನುಜನ ಮನೇಲಿ ಆರಾಮಾಗಿರಿ ಅಂತ.

ಅವನು ಕೆಟ್ಟೋನಲ್ಲ. ಅದೇ ತಾಪತ್ರಯ. ಕೆಟ್ಟೋನಾಗಿದ್ದಿದ್ರೆ ಬೈದು ಕಳಿಸಿ ನೆಮ್ಮದಿಯಾಗಿ ಊಟ ಮಾಡ್ತಿದ್ದೆ.

ಹೋಗಲಿ ಅಂತ ಸುಮ್ಮನಿದ್ದೆ. ಆದರೆ ಎದ್ದು ಹೋಗೋನು ಅವರ ಅಂಗಡಿ ಒಳಗೆ ಇಣುಕಿ, ಬೆಂಚಿನ ಮೇಲಿರೋ ಅವರ ಜಾವಾ ಬೈಕಿನ ಇಂಜಿನ್ನು ನೋಡಿದ. ಅವರು ಹೋಗೋಕೆ ಒಂದು ವಾರ ಮುಂಚೆ ಬಿಚ್ಚಿದ್ದು, ಬಿಚ್ಚಿದ್ದು ಬಿಚ್ಚಿದ ಹಾಗೇ ಗೋಣಿಚೀಲದ ಕೆಳಗಿದೆ. ಅದನ್ನ ಬೆರಳಲ್ಲಿ ತಟ್ಟಿ, ಇದಿನ್ನು ಗುಜರಿಗೇ ಅಂದ. ಅಲ್ಲಿಗೆ ತಲೆ ಕೆಟ್ಟಿತು.

"ತಿಥಿ ದಿನ ಈ ಗಾಡಿ ಓಡ್ಕೊಂಡು ನಿನ್ನ ಮನೆ ಬಾಗಿಲಿಗೆ ಬರುತ್ತೆ ಕಣಪ್ಪ. ಬರಲಿಲ್ಲ ಅಂದ್ರೆ ಬೀಗದ ಕೈ ನೀನೇ ಇಟ್ಕೊ."

"ಬಂದ್ರೆ?"

"ಬಂದ್ರೆ ನಾನು ಸಾಯೋತನಕ ಈ ಬಾಗಿಲ ಮಾತು ಎತ್ತಬೇಡ."

ಆಗಲಿ ಅತ್ತಿಗೆ ಅಂದ. ನಕ್ಕೊಂಡು ಅಂದ. ಆ ನಗು ನನ್ನ ಕಿವೀಲಿ ಇನ್ನೂ ಇದೆ.

ಜನವರಿ 21, ಮಂಗಳವಾರ

ಗೋಣಿಚೀಲ ಎತ್ತಿದೆ. ಜಿರಳೆ ಸಂಸಾರ ಮಾಡ್ಕೊಂಡಿದ್ದವು. ಓಡಿಸಿದೆ.

ಕೆಟ್ಟಿರೋದು ಕ್ರ್ಯಾಂಕು. ಎರಡು ಕಬ್ಬಿಣದ ತಟ್ಟೆ, ತಟ್ಟೆ ನಡುವೆ ಒಂದು ಪಿನ್ನು, ಪಿನ್ನಿಗೆ ಕನೆಕ್ಟಿಂಗ್ ರಾಡು. ಎಡಗಡೆ ತಟ್ಟೆಯ ತುದಿಗೆ ಚೈನು, ಬಲಗಡೆ ತಟ್ಟೆಯ ತುದಿಗೆ ಡೈನಮೋ. ಎಡಗಡೆ ತುದಿ ಮುರಿದಿದೆ. ಬಲಗಡೆದು ಕಲ್ಲು ಇದ್ದ ಹಾಗಿದೆ. ಹಳೇ ಜಾವಾಗೆ ಕ್ರ್ಯಾಂಕು ಹುಡುಕೋದು ಬೆಂಗಳೂರಲ್ಲಿ ಬಾವಿ ನೀರು ಹುಡುಕಿದ ಹಾಗೆ. ಅದೇ ಫ್ಯಾಕ್ಟರಿಯ ಆಮೇಲಿನ ಬೈಕು ಯೆಜ್ಡಿ, ಅದರದು ಸಿಗುತ್ತೆ. ಆದರೆ ಅದಕ್ಕೆ ಬಲಗಡೆ ತುದಿಯೇ ಬೇರೆ, ನಮ್ಮ ಡೈನಮೋ ಕೂರಲ್ಲ.

ನಾನು ಅವರಿಗೆ ಆಗಲೇ ಹೇಳಿದ್ದೆ. ಎರಡನ್ನೂ ಪ್ರೆಸ್ಸಿಗೆ ಹಾಕಿ ಬಿಡಿಸೋಣ, ಯೆಜ್ಡಿಯ ಎಡಗಡೆ ತಟ್ಟೆ, ಜಾವಾದ ಬಲಗಡೆ ತಟ್ಟೆ, ಹೊಸ ಪಿನ್ನು ಹಾಕಿ ಒಂದು ಮಾಡೋಣ ಅಂತ. ಅವರು ಒಪ್ಪಲಿಲ್ಲ. ಒಂದೇ ಫ್ಯಾಕ್ಟರಿಯಾದ್ರೇನು, ವಯಸ್ಸು ಬೇರೆ, ಸಂಬಂಧ ಕೂಡಲ್ಲ ಕಣೇ ಅಂದ್ರು. ಕೂಡುತ್ತೆ ಅಂದೆ. ಕೂಡಲ್ಲ ಅಂದ್ರು. ಮೂರು ದಿನ ಮಾತು ಬಿಟ್ಟಿದ್ವಿ. ನಾಲ್ಕನೇ ದಿನ ಬೆಳಗ್ಗೆ ಅವರು ಏಳಲಿಲ್ಲ.

ಹಾಗೆ ಅರ್ಧಕ್ಕೆ ಜಗಳ ಬಿಟ್ಟು ಹೋಗೋದು ಯಾವ ನ್ಯಾಯ.

ಫೆಬ್ರವರಿ 2, ಭಾನುವಾರ

ಗೌರಿಬಿದನೂರಿಗೆ ಹೋಗಿ ಬಂದೆ. ಸೊಂಟ ಬಿದ್ದು ಹೋಗಿದೆ.

ಅಲ್ಲಿ ಹರಿಕೃಷ್ಣ ಅಂತ, ಕುಡುಮಲಕುಂಟೆ ಫ್ಯಾಕ್ಟರೀಲಿ ಕೆಲಸ ಮಾಡೋನು, ಅವರಿಗೆ ಹಳೇ ಗಿರಾಕಿ. ಅವನ ಯೆಜ್ಡಿಗೆ ಲಾರಿ ತಾಗಿ ಇಂಜಿನ್ನಿನ ಕೇಸು, ಅದರ ಹೊರಚಿಪ್ಪು, ಒಡೆದಿತ್ತು. ಕ್ರ್ಯಾಂಕು ಚೆನ್ನಾಗಿದೆ ಅಂತ ಫೋನಲ್ಲಿ ಹೇಳಿದ್ದ. ಚೆನ್ನಾಗೇ ಇತ್ತು. ತುದಿ ಹಿಡಿದು ತಿರುಗಿಸಿದೆ, ಬೆಣ್ಣೆ.

ಏನು ಕೊಡಬೇಕಪ್ಪ ಅಂದೆ. ಏನೂ ಬೇಡಮ್ಮ, ನನಗೆ ಬೇರೆ ಕೇಸು, ಬೇರೆ ಕ್ರ್ಯಾಂಕು ಸಿಕ್ಕ ದಿನ ಇಂಜಿನ್ನು ನೀವು ಕೂಡಿಸಿಕೊಡಿ ಅಂದ. ನಾನಲ್ಲಪ್ಪ, ಆ ಅಂಗಡಿ ಅವರದು, ಅವರಿಲ್ಲ ಅಂದೆ. ಅವನು ಕ್ರ್ಯಾಂಕನ್ನ ಪೇಪರಲ್ಲಿ ಸುತ್ತುತ್ತಾ, ಹೋದ ಸಲ ನನ್ನ ಕ್ರ್ಯಾಂಕು ನೇರ ಮಾಡಿದ್ದು ಯಾರಮ್ಮ ಅಂದ. ಬಸ್ಸಿಗೆ ಹೊತ್ತಾಯ್ತಪ್ಪ ಅಂತ ಎದ್ದೆ.

ಬಸ್ಸಲ್ಲಿ ಕಂಡಕ್ಟರು ಚೀಲ ಮೇಲಿಡಿ ಅಂದ. ತೊಡೆ ಮೇಲೇ ಇಟ್ಕೊಂಡೆ. ಒಳಗೆ ಮಗು ಇದೆಯೇನಜ್ಜಿ ಅಂದ. ಹೂಂ, ಎತ್ಕೊ ನೋಡೋಣ ಅಂತ ಕೊಟ್ಟೆ. ಅವನ ಕೈ ಕೆಳಗೆ ಹೋಯ್ತು. ಆಮೇಲೆ ಊರು ಬರೋತನಕ ತಂಟೆಗೆ ಬರಲಿಲ್ಲ.

ಫೆಬ್ರವರಿ 6, ಗುರುವಾರ

ಚಿಂತಾಮಣೀಲಿ ಅಮೀರ್ ಜಾನ್ ಲೇತಿಗೆ ಹೋದೆ. ರೇಷ್ಮೆ ಮಿಷನ್ನುಗಳ ಕದಿರು, ಬೋರ್‌ವೆಲ್ ಮೋಟರಿನ ಶಾಫ್ಟು, ಏನಿದ್ರೂ ಈ ಸುತ್ತಿಗೆಲ್ಲಾ ಅವನೇ. ನಮ್ಮ ಯಜಮಾನರೂ ಅವನೂ ಒಟ್ಟಿಗೆ ಬೀಡಿ ಸೇದ್ತಾ ಮುದುಕರಾದೋರು.

ಎರಡು ಕ್ರ್ಯಾಂಕನ್ನೂ ಮೇಜಿನ ಮೇಲಿಟ್ಟು ಹೇಳಿದೆ. ಅವನು ಕನ್ನಡಕ ಒರೆಸಿ ಒಂದು ಸಲ ಅದನ್ನ, ಒಂದು ಸಲ ಇದನ್ನ, ಒಂದು ಸಲ ನನ್ನ ನೋಡಿದ. ಮುನಿಗಂಗಪ್ಪ ಬೇಡ ಅಂದಿದ್ನಲ್ಲ ಭಾಬಿ ಅಂದ. ಅದಕ್ಕೇ ಬಂದಿದೀನಿ ಅಂದೆ. ನಕ್ಕು ಪ್ರೆಸ್ಸಿಗೆ ಹಾಕಿದ. ಜಾವಾ ಒದ್ದಾಡದೆ ಬಿಟ್ಟುಕೊಡ್ತು. ಯೆಜ್ಡಿ ಗುಂಡು ಹಾರಿದ ಹಾಗೆ ಸದ್ದು ಮಾಡಿ ಬಿಡ್ತು. ಪಕ್ಕದ ಟೀ ಅಂಗಡಿಯೋರೆಲ್ಲಾ ಎದ್ದು ನಿಂತ್ರು.

ಯೆಜ್ಡಿಯ ತಟ್ಟೆ ಒಂಚೂರು ದಪ್ಪ, ನಮ್ಮ ಕೇಸಿಗೆ ತಾಗುತ್ತೆ. ಅಂಚು ಕೆರೆದು ಕೊಡ್ತೀನಿ ಅಂದಿದಾನೆ.

ಬರುವಾಗ ಕೇಳಿದ, ಗಾಡಿ ಆಯ್ತು ಅಂತಲೇ ಇಟ್ಕೊ, ತಿಥಿಗೆ ಓಡಿಸ್ಕೊಂಡು ಬರೋರು ಯಾರು ಅಂತ. ಅದನ್ನ ನಾನು ಯೋಚನೆಯೇ ಮಾಡಿರಲಿಲ್ಲ. ಇನ್ಯಾರು, ನಾನೇ ಅಂದೆ. ಬಾಯಿಂದ ಬಂದ ಮೇಲೆ ವಾಪಸ್ಸು ತಗೊಳ್ಳೋ ಅಭ್ಯಾಸ ನನಗಿಲ್ಲ.

ಫೆಬ್ರವರಿ 11, ಮಂಗಳವಾರ

ಎಲ್.ಎಲ್.ಆರ್. ಆಯ್ತು. ತನುಜ ಬೇಡ ಅಂತ ಅತ್ತಳು, ಆಮೇಲೆ ಅವಳೇ ಕರ್ಕೊಂಡು ಹೋದಳು. ಫೋಟೋದಲ್ಲಿ ನಲ್ಲಿ ಹತ್ರ ಜಗಳಕ್ಕೆ ನಿಂತಿರೋ ಹಾಗೆ ಬಂದಿದೀನಿ. ನಿಜವಾಗಿ ಓಡಿಸಿ ಗೊತ್ತಿರೋದು ನಮ್ಮ ಗಲ್ಲಿ ಕೊನೆತನಕ, ರಿಪೇರಿ ಆದ ಗಾಡಿ ನೋಡೋಕೆ, ಎರಡನೇ ಗೇರು. ಅದರಾಚೆಗೆ ಅವರೇ ತಗೊಂಡು ಹೋಗ್ತಿದ್ರು.

ಫೆಬ್ರವರಿ 13, ಗುರುವಾರ

ಮೈಯೆಲ್ಲಾ ಉರೀತಾ ಇದೆ. ಬಿ.ಪಿ. ನೋಡಬೇಕಾಗಿಲ್ಲ, ಗೊತ್ತು.

ಅಮೀರ್ ಜಾನ್ ಎರಡು ತಟ್ಟೆ ಕೂಡಿಸಿ ಇಟ್ಟಿದ್ದ. ಕೂಡಿಸಿದ ಕ್ರ್ಯಾಂಕು ನೇರ ಮಾಡೋದೇ ಕೆಲಸ. ಅದು ನನ್ನ ಪಾಲಿಂದು, ಯಾವತ್ತಿಂದಲೂ. ಮದುವೆಯಾದ ಹೊಸದರಲ್ಲಿ ಸೀಮೆಎಣ್ಣೇಲಿ ಪಾರ್ಟು ತೊಳೀತಾ ಕೂತಿದ್ದೋಳು, ಒಂದಿನ ರೇಷ್ಮೆ ಎಳೆ ಇಟ್ಟು ನೋಡಿ ಅಂತ ನಾನೇ ಅವರಿಗೆ ತೋರಿಸಿದ್ದು. ಕ್ರ್ಯಾಂಕನ್ನ ಲೇತಿನ ಎರಡು ಮೊನೆ ನಡುವೆ ಕೂರಿಸಬೇಕು. ಟೂಲು ತಂದು ಪಕ್ಕದಲ್ಲಿ ನಿಲ್ಲಿಸಿ ಒಂದೇ ಒಂದು ಎಳೆ ತೂರೋಷ್ಟು ಸಂದು ಬಿಡಬೇಕು. ಒಂದು ಕೈಯಲ್ಲಿ ಕ್ರ್ಯಾಂಕು ತಿರುಗಿಸ್ತಾ ಇನ್ನೊಂದು ಕೈಯಲ್ಲಿ ಎಳೆ ಎಳೀತಾ ಇರಬೇಕು. ಎಲ್ಲಿ ಎಳೆ ಹಿಡಿಯುತ್ತೋ ಅಲ್ಲಿ ಉಬ್ಬಿದೆ, ತಾಮ್ರದ ಸುತ್ತಿಗೇಲಿ ಅಲ್ಲಿ ಒಂದೇಟು. ಸುತ್ತು ಪೂರ್ತಿ ಒಂದೇ ಸಮ ಜಾರಿದ್ರೆ ಮುಗೀತು.

ಈಗ ಮನೇಲಿ ಚರಕ ಇಲ್ಲ. ಹೊರಡೋ ಅವಸರದಲ್ಲಿ ಪಕ್ಕದ ಹುರಿ ಮಿಷನ್ನಿನವರ ಹತ್ತಿರ ಒಂದು ಎಳೆ ಇಸ್ಕೊಂಡು ಹೋಗಿದ್ದೆ. ನಮ್ಮ ಯಜಮಾನರ ಸುತ್ತಿಗೆ ತಗೊಂಡು ಹೋಗಿದ್ದೆ. ತಟ್ಟಿದೆ, ಎಳೆದೆ, ತಟ್ಟಿದೆ. ಊಟದ ಹೊತ್ತಿಗೆ ಎಳೆ ಎಣ್ಣೆ ಹಚ್ಚಿದ ಹಾಗೆ ಜಾರ್ತಿತ್ತು. ಅಮೀರ್ ಜಾನ್ ತನ್ನ ಡಯಲ್ ಗೇಜು ತಂದು ಇಟ್ಟ. ಮುಳ್ಳು ಅಲ್ಲಾಡ್ತು.

"ಇನ್ನೂ ಸೊಟ್ಟ ಇದೆ ಭಾಬಿ."

"ನಿನ್ನ ಗೇಜಿಗೆ ವಯಸ್ಸಾಗಿದೆ."

"ನಮಗೂ ಆಗಿದೆ" ಅಂದ.

ಅದಕ್ಕೆ ನಾನು ಏನೇನೋ ಅಂದೆ. ಬರೆಯಲ್ಲ. ಕ್ರ್ಯಾಂಕು ಚೀಲಕ್ಕೆ ಹಾಕ್ಕೊಂಡು ಅವನು ತರಿಸಿದ ಟೀ ಮುಟ್ಟದೆ ಬಂದೆ.

ಫೆಬ್ರವರಿ 19, ಬುಧವಾರ

ಇಂಜಿನ್ನು ಕೂಡಿಸಿದೆ. ಗ್ಯಾಸ್ಕೆಟ್ಟು ನಾನೇ ಕತ್ತರಿಸಿದ್ದು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿದೆ. ಜಾವಾಗೆ ಗೇರು ಹಾಕೋ ಲಿವರೇ ಕಿಕ್ಕರು, ಒಳಕ್ಕೆ ಒತ್ತಿ ಮೇಲೆತ್ತಿ ಒದೀಬೇಕು. ಒದ್ದೆ. ಇನ್ನೊಂದು ಸಲ. ಹೊತ್ಕೊಳ್ತು. ಬೀದಿಗೆಲ್ಲಾ ಹೊಗೆ.

ಕುಣಿಯೋ ಹಾಗಾಯ್ತು. ಆದರೆ ನನಗಿಂತ ಮುಂಚೆ ಗಾಡಿ ಕುಣೀತು. ಆಕ್ಸಿಲರೇಟರು ಕೊಟ್ಟ ಕೂಡಲೇ ಹ್ಯಾಂಡಲು ಬಡ್ಕೊಂಡು ಹಲ್ಲೆಲ್ಲಾ ಕಟಕಟ ಅಂತು. ನೋಡ್ತಾ ನೋಡ್ತಾ ಬಲಗಡೆ ಆಯಿಲ್ ಸೀಲು ಕಿತ್ಕೊಂಡು ಡೈನಮೋ ಮೇಲೆಲ್ಲಾ ಆಯಿಲ್ಲು. ಆಫ್ ಮಾಡಿದೆ.

ಸಂಬಂಧ ಕೂಡಲ್ಲ ಕಣೇ.

ಫೆಬ್ರವರಿ 20

ಅಂಗಡಿ ಬಾಗಿಲು ತೆಗೆಯಲಿಲ್ಲ.

ಫೆಬ್ರವರಿ 23

ವೆಂಕಟರಾಮ ಫೋನ್ ಮಾಡಿದ್ದ, ತಿಥಿಗೆ ಯಾರ್ಯಾರನ್ನ ಕರೀಬೇಕು ಅಂತ. ಗಾಡಿ ಮಾತು ಕೇಳಲೇ ಇಲ್ಲ. ಕೇಳಿದ್ದಿದ್ರೆ ಚೆನ್ನಾಗಿತ್ತು.

ಫೆಬ್ರವರಿ 27, ಗುರುವಾರ

ಹಿಂದಿನ ಬೀದಿ ಹಮೀದಾ ಬೇಗಂ ಬಂದಳು. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಮನೆ ಚರಕದಲ್ಲಿ ಅಕ್ಕಪಕ್ಕ ಕೂತು ಗೂಡು ಬಿಚ್ಚಿದೋರು. ನಾನು ಬಿಟ್ಟೆ, ಅವಳು ಬಿಡಲಿಲ್ಲ, ಈಗ ಅವಳದೇ ಚರಕಗಳಿವೆ. ಒಂದು ವಾರದಿಂದ ನಿನ್ನ ಬಾಯಿ ಬೀದಿಗೆ ಕೇಳ್ತಾ ಇಲ್ಲ, ಬದುಕಿದೀಯೋ ಇಲ್ಲವೋ ನೋಡೋಣ ಅಂತ ಬಂದೆ ಅಂದಳು.

ಕಾಫಿ ಇಡ್ತಾ ಎಲ್ಲಾ ಹೇಳಿದೆ. ಕಿಟಕಿ ಸರಳಿಗೆ ಸುತ್ತಿಟ್ಟಿದ್ದ ಅವತ್ತಿನ ಎಳೆ ಅವಳೇ ನೋಡಿದಳು. ಎರಡು ಬೆರಳ ನಡುವೆ ಹಿಡಿದು ಉಜ್ಜಿ ನನ್ನ ಮುಖ ನೋಡಿದಳು.

"ಇದರಲ್ಲಿ ನೋಡಿದ್ಯಾ? ಇದು ಹುರಿ ಹಾಕಿರೋ ನೂಲು ಕಣೇ. ಒತ್ತಿದ್ರೆ ಕುಗ್ಗುತ್ತೆ."

ಕಿತ್ಕೊಂಡು ಉಜ್ಜಿ ನೋಡಿದೆ. ಹೌದು. ಹತ್ತಿ ಹಾಗೆ ಮೆತ್ತಗಿದೆ. ಚರಕದಿಂದ ಇಳಿದ ಕಚ್ಚಾ ಎಳೆಗೆ ಗೂಡಿನ ಅಂಟು ಇರುತ್ತೆ, ತಂತಿ ಹಾಗೆ ನಿಲ್ಲುತ್ತೆ, ಸಂದು ಕಮ್ಮಿಯಾದ್ರೆ ಅಲ್ಲೇ ಹಿಡಿದು ನಿಲ್ಲಿಸುತ್ತೆ. ಇದು ಉಬ್ಬಿದ ಕಡೆಯೆಲ್ಲಾ ಕುಗ್ಗಿ ನುಸುಳಿದೆ. ನಾನು ನೇರ ಅಂದ್ಕೊಂಡೆ. ರೇಷ್ಮೇಲಿ ಹುಟ್ಟಿದೋಳ ಬೆರಳಿಗೆ ಹುರಿ ಯಾವುದು ಕಚ್ಚಾ ಯಾವುದು ಗೊತ್ತಾಗಲಿಲ್ಲ.

ಹಮೀದಾ ಇದನ್ನ ಯಾರಿಗೂ ಹೇಳಲ್ಲ ಅಂದಳು. ನಾಳೆ ಹೊತ್ತಿಗೆ ಶಿಡ್ಲಘಟ್ಟಕ್ಕೆಲ್ಲಾ ಗೊತ್ತಿರುತ್ತೆ. ಇರಲಿ.

ಅಂದ್ರೆ ತಟ್ಟೆಗಳದೇನೂ ತಪ್ಪಿಲ್ಲ. ಸಂಬಂಧ ಕೂಡುತ್ತೆ. ಮನೇಲಿದ್ದ ಬದನೆಕಾಯೆಲ್ಲಾ ಎಣ್ಣೆಗಾಯಿ ಮಾಡಿ ಹಮೀದಾಗೂ ಕಳಿಸಿದೆ. ನಾನೂ ಚೆನ್ನಾಗಿ ತಿಂದೆ.

ಮಾರ್ಚಿ 3, ಸೋಮವಾರ

ಇಂಜಿನ್ನು ಮತ್ತೆ ಬಿಚ್ಚಿ, ಕ್ರ್ಯಾಂಕು ಹೊತ್ಕೊಂಡು ಅಮೀರ್ ಜಾನ್ ಲೇತಿಗೆ. ಬಸ್ಸಲ್ಲಿ ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಕೂಡಿಸಿದ್ದು ಅವನ ಬಾಗಿಲಲ್ಲಿ ಮರೆತೇ ಹೋಯ್ತು.

"ಅವತ್ತಿನ ಟೀ ಬಾಕಿ ಇದೆ. ತರಿಸು" ಅಂದೆ.

ತರಿಸಿದ. ಕುಡಿದ ಮೇಲೆ ನಿನ್ನ ಗೇಜು ಸರಿಯಾಗೇ ಇತ್ತು ಅಮೀರಣ್ಣ ಅಂದೆ. ಅವನು ಕಿವಿಗೆ ಕೈ ಇಟ್ಟು, ಲೇತಿನ ಸದ್ದಲ್ಲಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು ಭಾಬಿ ಅಂದ. ಲೇತು ಓಡ್ತಾನೇ ಇರಲಿಲ್ಲ. ಇನ್ನೊಂದು ಸಲ ಹೇಳಿದೆ. ಸಾಯಲಿ ಅತ್ಲಾಗೆ.

ಹಮೀದಾ ಕೊಟ್ಟ ಕಚ್ಚಾ ಎಳೆ ಹಾಕಿದೆ. ಅರ್ಧ ಸುತ್ತಿಗೇ ಗಕ್ಕನೆ ಹಿಡೀತು. ಎಷ್ಟು ಖುಷಿಯಾಯ್ತು ಅಂದ್ರೆ, ತಪ್ಪು ಸಿಕ್ಕಿದ್ದಕ್ಕೆ ಅಷ್ಟು ಖುಷಿ ನನಗೆ ಯಾವತ್ತೂ ಆಗಿಲ್ಲ. ಒಂದು ಏಟು ನಾನು, ಒಂದು ಸಲ ಅವನ ಗೇಜು. ಎಳೆ ಹಿಡಿದ ಕಡೆ ಮುಳ್ಳೂ ಏಳುತ್ತೆ. ಎಳೆ ಬಿಟ್ಟ ಕಡೆ ಮುಳ್ಳೂ ಮಲಗುತ್ತೆ. ಮಾತೇ ಇಲ್ಲದೆ ಕೆಲಸ ಮಾಡಿದ್ವಿ. ಕೊನೇ ಸುತ್ತಲ್ಲಿ ಎಳೆ ಎಲ್ಲೂ ತಡೀಲಿಲ್ಲ, ಮುಳ್ಳು ಸತ್ತ ಹಾಗೆ ಬಿದ್ದಿತ್ತು. ಅಮೀರ್ ಜಾನ್ ಗೇಜು ಒರೆಸಿ ಡಬ್ಬಿಗೆ ಹಾಕ್ತಾ, ಮುನಿಗಂಗಪ್ಪ ಇದ್ದಿದ್ರೆ ಇವತ್ತು ಬಾಯಿ ಬಿಡ್ತಿರಲಿಲ್ಲ ಅಂದ. ಇಬ್ಬರೂ ನಕ್ವಿ. ಆಮೇಲೆ ಅವನು ಕನ್ನಡಕ ಒರೆಸ್ಕೊಂಡ, ನಾನು ಕ್ರ್ಯಾಂಕು ಚೀಲಕ್ಕೆ ಹಾಕ್ಕೊಂಡೆ.

ಮಾರ್ಚಿ 9, ಭಾನುವಾರ

ಹೊಸ ಸೀಲು ಹಾಕಿ ಇಂಜಿನ್ನು ಮತ್ತೆ ಕೂಡಿಸಿದೆ. ಮೊದಲನೇ ಒದೆತಕ್ಕೇ ಹೊತ್ಕೊಳ್ತು.

ಸೀಟಿನ ಮೇಲೆ ನೀರಿನ ಲೋಟ ಇಟ್ಟೆ. ಅಲೆ ಎದ್ದಿತು, ತುಳುಕಲಿಲ್ಲ. ಹಮೀದಾ ಬಂದು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದಳು. ಹುರಿ ಮಿಷನ್ನಿನವರೂ ಬಂದ್ರು. ನನಗೆ ಅಂತ ಯಾರೂ ಹೀಗೆ ನೆರೆದಿದ್ದು ಮದುವೇಲೇ ಕೊನೆ, ಅವತ್ತೂ ಅರ್ಧ ಜನ ಊಟಕ್ಕೆ ಬಂದಿದ್ರು.

ಸುತ್ತಿಗೆ ಹಿಡಿ ಸಡಿಲ ಆಗಿದೆ. ನನ್ನ ಕೈಗೆ ಸರಿಯಾಗೋ ಹಾಗೆ ಗಿಡ್ಡ ಹಿಡಿ ಹಾಕಿಸಬೇಕು.

ಮಾರ್ಚಿ 15, ಶನಿವಾರ

ದಿನಾ ಬೆಳಗ್ಗೆ ತನುಜನ್ನ ಹಿಂದೆ ಕೂರಿಸ್ಕೊಂಡು ಓಡಿಸ್ತಾ ಇದೀನಿ. ಅವಳಿಗೆ ಲೈಸೆನ್ಸಿದೆ, ರಜಾ ಹಾಕಿ ಬಂದಿದಾಳೆ. ನಾಲ್ಕನೇ ಗೇರು ಹಾಕಿದೆ. ಅಮ್ಮ ನಿಧಾನ, ಅಮ್ಮ ನಿಧಾನ ಅಂತಾಳೆ. ನಿನ್ನೆ ಒಂದು ಕುರಿ ಮಂದೆ ನಡುವೆ ಆಫ್ ಆಗಿ ಹೋಯ್ತು. ಕುರಿಯೋನು ಸ್ವಾಮಿ ನೋಡಿದ ಹಾಗೆ ನಿಂತು ನೋಡಿದ. ಸೀರೆಗೆ ಸೇಫ್ಟಿ ಪಿನ್ನು ಹಾಕಿ ಬಿಗಿ ಮಾಡ್ಕೊಂಡ್ರೆ ತೊಂದರೆ ಇಲ್ಲ.

ಮುಂದೆ ಹಿಂದೆ ಕೆಂಪು ಬಣ್ಣದಲ್ಲಿ ಎಲ್ ಬೋರ್ಡು ಬರೆಸಿದೆ. ತನುಜ ಬಿ.ಪಿ. ನೋಡಿದಳು. ಇನ್ನೊಂದು ಸಲ ನೋಡಿದಳು, ಮಿಷನ್ನು ಕೆಟ್ಟಿದೆ ಅನ್ಕೊಂಡು. ಕೆಟ್ಟಿಲ್ಲ.

ಮಾರ್ಚಿ 20, ಗುರುವಾರ

ಬೆಳಕು ಹರಿಯೋ ಹೊತ್ತಿಗೆ ಹೊರಟ್ವಿ, ತನುಜ ಹಿಂದಿನ ಸೀಟಲ್ಲಿ. ದಾರೀಲಿ ದ್ರಾಕ್ಷಿ ತೋಟಕ್ಕೆ ಹೋಗೋ ಹೆಂಗಸರ ಟೆಂಪೋ ಒಂದು ಅಡ್ಡ ಬಂತು. ಹಿಂದಿಕ್ಕಿದೆ. ಒಳಗಿದ್ದೋರೆಲ್ಲಾ ಕೂಗಿದ್ರು, ಬೈದಿದ್ದಲ್ಲ. ಏರು ಬಂದಾಗ ಒಳಗೊಳಗೇ ಪುಕ್ಕಲು. ಇಂಜಿನ್ನು ದನಿ ದಪ್ಪ ಮಾಡ್ಕೊಂಡು ಸಲೀಸಾಗಿ ಹತ್ತಿತು. ಅರ್ಧ ಜಾವಾ ಅರ್ಧ ಯೆಜ್ಡಿ, ಯಾವುದು ಎಳೀತು ಯಾವುದು ತಳ್ಳಿತು ನನಗೇನು ಗೊತ್ತು.

ಚಿಂತಾಮಣಿ ಸರ್ಕಲ್ಲಲ್ಲಿ ಪೊಲೀಸು ಕೈ ಅಡ್ಡ ಹಿಡಿದ. ಎಲ್.ಎಲ್.ಆರ್. ತೆಗೆದು ತೋರಿಸಿದೆ. ಫೋಟೋ ನೋಡಿದ, ನನ್ನ ಮುಖ ನೋಡಿದ, ಹೋಗಮ್ಮ ತಾಯಿ ಅಂದ.

ವೆಂಕಟರಾಮನ ಬೀದಿಗೆ ತಿರುಗಿದಾಗ ಮನೆ ಮುಂದೆ ಶಾಮಿಯಾನ, ನೆಂಟರು, ಪುರೋಹಿತರು. ಅವನು ಮಡಿ ಪಂಚೇಲಿ ಬರಿಮೈಯಲ್ಲಿ ಓಡ್ಕೊಂಡು ಬಾಗಿಲಿಗೆ ಬಂದ. ಮುಖ ನೋಡೋ ಹಾಗಿರಲಿಲ್ಲ. ನಾನು ಬೀಗದ ಕೈ ಸೊಂಟಕ್ಕೆ ಸಿಕ್ಕಿಸ್ಕೊಂಡೇ ಬಂದಿದ್ದೆ, ಇನ್ನೇನು ಅನ್ನಬೇಕು ಅಂತ ಬಾಯಿ ತೆಗೆದೆ. ಅವನೇ ಮೊದಲು ಮಾತಾಡಿದ.

"ಒಳಗೆ ಕೂತಿದ್ದೆ ಅತ್ತಿಗೆ. ಆ ಸದ್ದು ಕೇಳಿ ಅಣ್ಣ ಬಂದ ಅನ್ಕೊಂಡೆ."

ಗಾಡಿಗೆ ಸ್ಟ್ಯಾಂಡು ಹಾಕಿ ಇಳಿದೆ. ಅವನು ಟ್ಯಾಂಕಿನ ಮೇಲೆ ಕೈ ಇಟ್ಟು ಬಿಸಿ ನೋಡಿದ. ಬಾಗಿಲ ಮಾತು ಎತ್ತಲಿಲ್ಲ. ಇನ್ನು ಎತ್ತಲ್ಲ, ನನಗೆ ಗೊತ್ತು.

ಅತ್ತೆಯವರ ಅಕ್ಕ, ಎಲ್ಲಾರೂ ಪೆದ್ದಮ್ಮ ಅಂತ ಕರೆಯೋರು, ಕಣ್ಣು ಸರಿಯಾಗಿ ಕಾಣಲ್ಲ, ತೆಲುಗು ಬಿಟ್ಟು ಬೇರೆ ಮಾತಿಲ್ಲ. ಗೋಡೆ ಹಿಡ್ಕೊಂಡು ಬಂದು ಹ್ಯಾಂಡಲು ಸವರಿ, ನನ್ನ ಕೈ ಸವರಿದ್ರು.

"ಏಮೇ, ನುವ್ವೇ ತೋಲ್ಕೋನಿ ವಚ್ಚಿನಾವಾ?"

ನೀನೇ ಓಡಿಸ್ಕೊಂಡು ಬಂದ್ಯಾ ಅಂತ. ಹೌದು ಪೆದ್ದಮ್ಮ ಅಂದೆ. ಹಾಗಾದ್ರೆ ಊಟ ಆದ ಮೇಲೆ ನನ್ನ ಒಂದು ಸುತ್ತು ಹಾಕಿಸು ಅಂತ ಅವರು. ಪುರೋಹಿತರೂ ನಕ್ಕುಬಿಟ್ರು.

ಎಡೆ ಇಡುವಾಗ ಚೀಲದಿಂದ ಮುರಿದ ಎಡಗಡೆ ತಟ್ಟೆ ತೆಗೆದು ಅವರ ಫೋಟೋ ಮುಂದೆ, ವಡೆ ಪಕ್ಕದಲ್ಲಿ ಇಟ್ಟೆ. ಇದೇನಮ್ಮ ಅಂದ್ರು ಪುರೋಹಿತರು. ಅವರಿಗೆ ಗೊತ್ತು ಬಿಡಿ ಅಂದೆ.

"ಕೂಡ್ತು ನೋಡ್ರಿ" ಅಂದೆ, ಫೋಟೋಗೆ. ಮೆಲ್ಲಗೇ ಅಂದೆ. ಆಮೇಲೆ ಹೊರಗಿಟ್ಟ ಎಡೆ ಮುಟ್ಟೋಕೆ ಕಾಗೆ ತಡ ಮಾಡಲಿಲ್ಲ. ಅವರು ಸೋತಾಗ ಯಾವತ್ತೂ ಹೀಗೇ, ಜಾಸ್ತಿ ಮಾತಾಡದೆ ಊಟಕ್ಕೆ ಕೂತ್ಬಿಡೋರು.

ಸಾಯಂಕಾಲ ವೆಂಕಟರಾಮ ಒಂದು ರೌಂಡು ಕೊಡಿ ಅತ್ತಿಗೆ ಅಂದ. ಕೊಟ್ಟೆ. ಎರಡನೇ ಗೇರು ದಾಟಬೇಡ ಅಂದೆ.

ಮಾರ್ಚಿ 23, ಭಾನುವಾರ

ಗೌರಿಬಿದನೂರಿನ ಹರಿಕೃಷ್ಣ ಬಂದಿದ್ದ. ಕೇಸೂ ಕ್ರ್ಯಾಂಕೂ ಸಿಕ್ಕವಂತೆ, ಹಿಂದೂಪುರದಲ್ಲಿ. ಜೊತೆಗೆ ಇನ್ನೊಬ್ಬನ್ನ ಕರ್ಕೊಂಡು ಬಂದಿದ್ದ, ಅವನ ಗಾಡಿಗೂ ಕ್ರ್ಯಾಂಕು ಹೋಗಿದೆ. ಆ ಹೊಸಬನು ಜಾವಾ ಸುತ್ತ ಎರಡು ಸಲ ತಿರುಗಿ, ಯಾರದಮ್ಮ ಗಾಡಿ ಅಂದ. ನಂದು ಅಂದೆ. ಮಾರ್ತೀರಾ ಅಂದ. ಬೈದು ಕೂರಿಸಿದೆ, ಕಾಫಿ ಕೊಟ್ಟೆ.

ಹಮೀದಾಗೆ ಕಚ್ಚಾ ಎಳೆ ಒಂದು ಲಡಿ ಹೇಳಿದೀನಿ. ಬೆಂಚಿನ ಮೇಲೆ ಎರಡು ಇಂಜಿನ್ನು ಕೂತಿವೆ. ಬರೆಯೋಕೆ ಪುರುಸೊತ್ತಿಲ್ಲ, ಬೆಳಗ್ಗೆ ಬೇಗ ಎದ್ದು ನನ್ನ ಅಂಗಡಿ ಬಾಗಿಲು ತೆಗೀಬೇಕು.